ಕೂಡಿ ಓದುವುದು

ಗಟ್ಟಿಯಾಗಿ ಓದುವ ವಿಷಯದಲ್ಲಿ ನಮ್ಮ ಪೂರ್ವಿಕರು ಬಹು ಕಟ್ಟುನಿಟ್ಟಿನವರು. ರಾಗವೆಳೆಯುವವನು, ಅವಸರಪಡುವವನು, ತಲೆಯಲ್ಲಾಡಿಸುವವನು, ಬರೆದುದನ್ನು ನೋಡಿ ಓದುವವನು, ಅರ್ಥವರಿಯದವನು, ಕ್ಷೀಣಕಂಠನು, ಈ ಆರು ಮಂದಿಯನ್ನು ಪಾಣಿನೀಯ ಶಿಕ್ಷೆಯು ಪಾಠಕಾಧಮರೆಂದು ಎಣಿಸಿರುವುದು. ತರಗತಿಯ ಮಟ್ಟಿಗೆ ನಮಗೂ ಇದು ಸಮ್ಮತವೇ. ಆದರೆ ಈ ಆರು ಮಂದಿಗೂ ಸಮಾನವಾದ ಆದರವು ದೊರೆಯುವ ಓದಿನ ಗೋಷ್ಠಿಯೊಂದುಂಟು.

ಕುಡಿತವನ್ನು ಬಿಡಬಯಸುವವರು ಒಬ್ಬರಿಗೊಬ್ಬರು ನೆರವಾಗಲೆಂದು ನೆರೆಯುವ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘದ ಸಭೆಗಳೇ ಅವು. ಅಮೆರಿಕೆಯ ಆಕ್ರನ್ ಪಟ್ಟಣದಲ್ಲಿ 1935ರಲ್ಲಿ ಬಿಲ್ ವಿಲ್ಸನ್ ಎಂಬ ಷೇರುಪೇಟೆಯ ವ್ಯವಹಾರಸ್ಥನೂ ಬಾಬ್ ಸ್ಮಿತ್ ಎಂಬ ವೈದ್ಯನೂ ಸಂಧಿಸಿದುದು ಇದರ ಮೂಲ. ಇಬ್ಬರೂ ಕುಡಿತಕ್ಕೆ ಸಿಕ್ಕಿ ನೊಂದಿದ್ದವರೇ. 1939ರಲ್ಲಿ ಸಂಘದ ಗ್ರಂಥವು ಅಚ್ಚಾಯಿತು. ಅದರ ಐದನೆಯ ಅಧ್ಯಾಯದಲ್ಲಿ ಹನ್ನೆರಡು ಮೆಟ್ಟಿಲುಗಳೆಂಬ ಕ್ರಮವಿದೆ. ಈಗ ನಮ್ಮ ಬೆಂಗಳೂರಿನಲ್ಲಿಯೂ ಇಂತಹ ಗುಂಪುಗಳಿವೆ.

ಅನೇಕ ಗುಂಪುಗಳಲ್ಲಿ ಸಭೆಯು ಆ ಅಧ್ಯಾಯದ ಭಾಗವನ್ನು ಓದುವುದರಿಂದಲೇ ಆರಂಭವಾಗುವುದು. ಕೆಲವೆಡೆ ಪುಸ್ತಕವು ಕೈಯಿಂದ ಕೈಗೆ ಹೋಗಿ, ಒಬ್ಬೊಬ್ಬರು ಒಂದೊಂದು ಖಂಡವನ್ನು ಓದುವರು. ಓದಲಾರದವನು ಪಕ್ಕದವನಿಗೆ ದಾಟಿಸಬಹುದು, ಕಾರಣ ಕೇಳುವವರಿಲ್ಲ. ಬಳಿಕ ಇಷ್ಟವುಳ್ಳವರು ಸ್ವಂತ ಅನುಭವವನ್ನಷ್ಟೇ ಹೇಳುವರು. ನಮ್ಮಲ್ಲಿ ಕುಮಾರವ್ಯಾಸ ಭಾರತವನ್ನು ವಾಚಿಸುವವರೊಬ್ಬರು, ಅರ್ಥ ಹೇಳುವವರೊಬ್ಬರು, ಮಿಕ್ಕವರು ಶ್ರೋತೃಗಳಷ್ಟೆ? ಇಲ್ಲಿ ವ್ಯಾಖ್ಯಾನಕಾರನೇ ಇಲ್ಲ.

ಇದರಿಂದ ಫಲವೇನೆಂದು ಗೃಹಸ್ಥರು ಕೇಳಬಹುದು. ಕುಡಿಯುವವನಿಗೆ ಮನೆಯಲ್ಲಿ ಉಪದೇಶಕ್ಕೇನು ಕೊರತೆ? ತಾಯಿ ಅತ್ತು ಹೇಳುವಳು, ಮಾವ ಗದರಿ ಹೇಳುವನು. ಎಲ್ಲರ ಮಾತೂ ‘ನೀನು’ ಎಂದೇ ಮೊದಲಾಗುವುದು. ಆ ಮೆಟ್ಟಿಲುಗಳ ವ್ಯಾಕರಣವೇ ಬೇರೆ. ಅವುಗಳ ಒಕ್ಕಣೆಯು ಉತ್ತಮಪುರುಷ ಬಹುವಚನದಲ್ಲಿ, ಅದೂ ಭೂತಕಾಲದಲ್ಲಿದೆ. ಹೀಗೆ ಮಾಡತಕ್ಕದ್ದೆಂಬ ವಿಧಿಯಲ್ಲ. ನಾವು ಹೀಗೆ ಮಾಡಿದೆವೆಂಬ ನಿವೇದನೆ. (ಈ ಅಂಕಣದ ‘ನಾವು’ ಬರಿಯ ಬರವಣಿಗೆಯ ರೂಢಿ, ಅವರದು ನಿಜವಾದ ಬಹುವಚನ.) ತನ್ನ ಅವಸ್ಥೆಯನ್ನು ಬಾಯಿಬಿಟ್ಟು ಹೇಳಲಾರದವನು, ಸರದಿ ಬಂದಾಗ ಪುಸ್ತಕದ ಮರೆಯಲ್ಲಿ ಅದನ್ನು ಹೇಳಿಬಿಡುವನು. ಮಾತು ಪುಸ್ತಕದ್ದು, ಧ್ವನಿ ಅವನದು, ಕೇಳುವ ಕಿವಿಗಳಲ್ಲಿ ಅವನವೂ ಎರಡು. ನಾಚಿಕೆಯ ಗಂಟು ಸಡಿಲುವುದಕ್ಕೆ ಇದಕ್ಕಿಂತ ಮೃದುವಾದ ಉಪಾಯವನ್ನು ನಾವು ಕಾಣೆವು.

ವಿದ್ಯಾವಂತರಿಂದಲೇ ಇಲ್ಲಿ ಅಪಾಯ. ಪದವೊಂದರಲ್ಲಿ ಎಡವಿದವನನ್ನು ಪಕ್ಕದವನು ತಿದ್ದಿದನೆಂದರೆ ಆ ಕ್ಷಣವೇ ಗೋಷ್ಠಿಯು ಪಾಠಶಾಲೆಯಾಯಿತು. ತಿದ್ದಿಸಿಕೊಂಡವನು ಮರುವಾರ ಬಾರದಿದ್ದರೆ ಆ ಸಂಜೆ ಎಲ್ಲಿರುವನೆಂಬುದನ್ನು ಅವನ ಹೆಂಡತಿ ಬಲ್ಲಳು. ಮಹಾಪ್ರಾಣವೊಂದು ಕೆಟ್ಟರೆ ಕೆಡಲಿ.

ಓದೊಂದೇ ಮದ್ದೆಂಬುದು ನಮ್ಮ ವಾದವಲ್ಲ. ಬಹುಕಾಲ ಅತಿಯಾಗಿ ಕುಡಿದವನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಸಂಚಕಾರವಾಗಬಹುದು. ಆದಕಾರಣ ಮೊದಲು ವೈದ್ಯರನ್ನು ಕಾಣಬೇಕು. ಮನೆಮಂದಿಗೂ ಪ್ರತ್ಯೇಕವಾದ ಕೂಟವುಂಟು. ವಿಲ್ಸನ್ನನ ಪತ್ನಿ ಲೋಯಿಸಳು 1951ರಲ್ಲಿ ಸಂಗಡಿಗಳೊಡನೆ ಆರಂಭಿಸಿದ ಅದಕ್ಕೆ ಅಲ್-ಅನಾನ್ ಎಂದು ಹೆಸರು. ಮನೆಯಾತನು ಇನ್ನೂ ಕುಡಿಯುತ್ತಿದ್ದರೂ ಗೃಹಿಣಿಯು ಅಲ್ಲಿಗೆ ಹೋಗಿ ಕುಳಿತುಕೊಳ್ಳಬಹುದು. ಆತನು ಬಿಡುವವರೆಗೆ ಆಕೆ ಕಾಯಬೇಕಾದುದಿಲ್ಲ.