ಬೆರಳ ತುದಿಯಲ್ಲಿ ಹಿಡಕಲ್ ನೀರು

ಮಕ್ಕಳೇ, ಮನೆಯಲ್ಲಿ ಎಣ್ಣೆ ಸುರಿಯುವ ಲಾಳಿಕೆ ಇದ್ದರೆ ಒಂದನ್ನು ತೆಗೆದಿಟ್ಟುಕೊಳ್ಳಿ. ಸ್ವಲ್ಪ ಹೊತ್ತಿಗೆ ಬೇಕಾಗುತ್ತದೆ. ನೀರು ಚೆಲ್ಲಿ ಅಜ್ಜಿಯಿಂದ ಬೈಸಿಕೊಂಡರೆ ಆ ಬೈಗುಳವನ್ನು ನನ್ನ ಖಾತೆಗೆ ಬರೆಯಿರಿ.

ಹೋದ ತಿಂಗಳು ಬೆಂಗಳೂರಿನಿಂದ ನನ್ನ ಮೊಮ್ಮಗ ಗೋಕಾಕಕ್ಕೆ ಬಂದಿದ್ದ. ಅವನು ವೆಬ್ ಡೆವಲಪರ್. 'ನಿಮ್ಮ ಮೊಮ್ಮಗ ಏನ್ ಮಾಡ್ತಾನ್ರಿ?' ಎಂದು ಓಣಿಯವರು ಕೇಳಿದರೆ 'ಕಂಪ್ಯೂಟರ್‌ನ್ಯಾಗ ಏನೋ ಮಾಡ್ತಾನ' ಎಂದು ಹೇಳಿ ಇಷ್ಟು ದಿನ ಪಾರಾಗುತ್ತಿದ್ದೆ. ಈ ಸಲ ಪಕ್ಕದಲ್ಲಿ ಕೂಡಿಸಿಕೊಂಡು ತೋರಿಸಿದ.

ಟ್ಯಾಬ್ ಪರದೆಯ ಮೇಲೆ ಒಂದು ಕಣಿವೆ. ನಡುವೆ ಅಣೆಕಟ್ಟು, ಒಳಗೆ ನೀಲಿ ನೀರು, ನೀರಿನಲ್ಲಿ ಒಂದು ಗುಡಿಯ ಶಿಖರ. ನೀರಿನ ಮೇಲೆ ಬೆರಳಿಟ್ಟು ಕೆಳಗೆ ಎಳೆದರೆ ನೀರು ಇಳಿಯುತ್ತದೆ, ಗುಡಿ ಮೇಲೇಳುತ್ತದೆ. ಮೇಲೆ ಎಳೆದರೆ ಗುಡಿ ಮುಳುಗುತ್ತದೆ. ನೋಡಿದ ಕೂಡಲೇ ಗುರುತು ಹಿಡಿದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಡ್ಯಾಂ, ಅದರ ಹಿನ್ನೀರಿನಲ್ಲಿರುವ ಹುನ್ನೂರಿನ ವಿಠ್ಠಲ ಗುಡಿ. ಮಳೆಗಾಲದಲ್ಲಿ ಡ್ಯಾಂ ತುಂಬಿದಾಗ ಗುಡಿ ನೀರಿನೊಳಗೆ ಹೋಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದರೆ ಮತ್ತೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ.

"ಇದು ಆಫೀಸಿನ ಕೆಲಸ ಅಲ್ಲ ಅಜ್ಜಾ, ನನ್ನ ಪ್ರಯೋಗ," ಎಂದ. "ಬರೀ ನೋಡೋ ಚಿತ್ರ ಅಲ್ಲ, ಮುಟ್ಟಿದ್ರ ಮಾತು ಕೇಳೋ ಚಿತ್ರ."

ಇಂಥ ಚಿತ್ರಗಳಿಗೆ ಅರವತ್ತು ವರ್ಷದ ಮೇಲೆ ಇತಿಹಾಸವಿದೆ. 1963ರಲ್ಲಿ ಅಮೆರಿಕದ ಇವಾನ್ ಸದರ್ಲೆಂಡ್ ಎಂಬ ವಿದ್ಯಾರ್ಥಿ, ಬೆಳಕಿನ ಪೆನ್ನಿನಿಂದ ಪರದೆಯ ಮೇಲೆಯೇ ಗೆರೆ ಎಳೆಯುವ 'ಸ್ಕೆಚ್‌ಪ್ಯಾಡ್' ಮಾಡಿದ. ಆಗಿನ ಕಂಪ್ಯೂಟರಿಗೆ ಒಂದು ಕೋಣೆಯೇ ಬೇಕಿತ್ತು. ವೆಬ್ ಪುಟದೊಳಗೆ ಹೀಗೆ ಚಿತ್ರ ಬಿಡಿಸಲು ಜಾಗ ಕೊಡುವ 'ಕ್ಯಾನ್ವಾಸ್' ಬಂದದ್ದು 2004ರಲ್ಲಿ. ಈಗ ನಿಮ್ಮ ಅಪ್ಪನ ಮೊಬೈಲಿನಲ್ಲೂ ಅದು ಇದೆ.

ಪರದೆ ಎಂದರೆ ನಮ್ಮ ಬ್ಯಾಂಕಿನ ಹಳೆಯ ಲೆಡ್ಜರ್ ಇದ್ದಂತೆ. ಅಡ್ಡ ಸಾಲು, ಉದ್ದ ಸಾಲು, ಪ್ರತಿ ಚೌಕಕ್ಕೂ ಒಂದು ಬಣ್ಣ. ಬೆರಳು ಸರಿಸಿದಾಗ ನೀರು ನಿಜವಾಗಿ ಸರಿಯುವುದಿಲ್ಲ. ಕಂಪ್ಯೂಟರ್ ಹಳೆಯ ಚಿತ್ರವನ್ನು ಪೂರ್ತಿ ಅಳಿಸಿ ಹೊಸದನ್ನು ಬಿಡಿಸುತ್ತದೆ, ಅದೂ ಸೆಕೆಂಡಿಗೆ ಸುಮಾರು 60 ಸಲ. ನಮ್ಮ ಕಣ್ಣಿಗೆ ಅದು ಹರಿದಂತೆ ಕಾಣುತ್ತದೆ. ಒಂದು ತಮಾಷೆ ಎಂದರೆ ಅಲ್ಲಿ ಎಣಿಕೆ ಮೇಲಿನಿಂದ ಕೆಳಕ್ಕೆ. ನೀರು ಏರಿದರೆ ಅಂಕಿ ಕಡಿಮೆಯಾಗುತ್ತದೆ! ಜಮಾ ಆದಷ್ಟೂ ಬಾಕಿ ಇಳಿಯುವ ಪಾಸ್‌ಬುಕ್ಕನ್ನು ನಾನು ಮೂವತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

"ಇದನ್ನ ಅಕ್ಕನಿಗೆ ತೋರಿಸಬೇಕು," ಎಂದೆ.

ನನ್ನ ಅಕ್ಕನಿಗೆ ಈಗ ಎಂಬತ್ತು ದಾಟಿದೆ. ಹುಕ್ಕೇರಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಅವಳನ್ನು ಕೊಟ್ಟದ್ದು ಹಳೆಯ ಹುನ್ನೂರಿಗೆ. 1970ರ ದಶಕದಲ್ಲಿ ಡ್ಯಾಮಿಗೆ ನೀರು ಬಂದಾಗ ಅವಳ ಮನೆ, ಹಿತ್ತಲು, ಬಾವಿ ಎಲ್ಲ ಒಳಗೆ ಹೋದವು. ಆ ವಿಷಯ ಅವಳು ಮಾತಾಡುವುದು ಕಡಿಮೆ. ನಾವೂ ಕೇಳಿರಲಿಲ್ಲ.

ಅಕ್ಕ ಕನ್ನಡಕ ಏರಿಸಿ ನೋಡಿದಳು. ಮೊಮ್ಮಗ 'ಮಳೆಗಾಲ' ಎಂಬ ಗುಂಡಿ ಒತ್ತಿದ. ನೀರು ತಳದಿಂದ ಮೇಲಿನವರೆಗೂ ಒಂದೇ ಸಮನೆ ಏರಿತು.

"ಹಂಗಲ್ಲೋ ತಮ್ಮಾ," ಎಂದಳು. "ನಾವು ದಿನ್ನಿ ಮ್ಯಾಲೆ ನಿಂತು ನೋಡೀವಿ. ಮೊದಲ ದಡಬಡ ಏರಿತು. ಆಮ್ಯಾಗ ಸಾವಕಾಶ. ಇವತ್ತು ಹೊಸ್ತಿಲು, ನಾಳೆನೂ ಹೊಸ್ತಿಲು. ಬರೂದಿಲ್ಲ ಬಿಡು ಅಂತ ಅನ್ಕೊಂಡಿದ್ವಿ."

ಮೊಮ್ಮಗ ಸುಮ್ಮನಾದ. ನಂತರ ತಲೆ ಚಚ್ಚಿಕೊಂಡು, "ಆಯಿ ಹೇಳೂದ ಖರೆ ಅಜ್ಜಾ," ಎಂದ.

ಈಗ ಲಾಳಿಕೆ ತೆಗೆಯಿರಿ. ಕೆಳಗಿನ ತೂತಿಗೆ ಬೆರಳು ಒತ್ತಿ ಹಿಡಿದು ಚಮಚದಿಂದ ನೀರು ಹಾಕುತ್ತಾ ಹೋಗಿ. ಮೊದಲ ಚಮಚಗಳಿಗೆ ನೀರು ಬೇಗ ಏರುತ್ತದೆ. ಮೇಲೆ ಹೋದಂತೆ ಬಾಯಿ ಅಗಲ, ಅಷ್ಟೇ ನೀರು ಹಾಕಿದರೂ ಏರುವುದು ಕೂದಲೆಳೆಯಷ್ಟು. ಲಾಳಿಕೆಯ ಅಗಲವಾದ ಭಾಗದಲ್ಲಿ ಅರ್ಧ ಎತ್ತರ ತುಂಬಿದಾಗ ಅದರಲ್ಲಿ ಅರ್ಧ ನೀರಿರುವುದಿಲ್ಲ, ಹೆಚ್ಚುಕಡಿಮೆ ಎಂಟರಲ್ಲಿ ಒಂದು ಪಾಲು ಮಾತ್ರ. ಕಣಿವೆಯೂ ಹಾಗೆಯೇ, ತಳದಲ್ಲಿ ಇಕ್ಕಟ್ಟು, ಮೇಲೆ ವಿಶಾಲ. ಹಿಡಕಲ್ ಪೂರ್ತಿ ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 2175 ಅಡಿ, ಸಂಗ್ರಹ ಸುಮಾರು 51 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಪತ್ರಿಕೆಯಲ್ಲಿ 'ಡ್ಯಾಮಿಗೆ ಒಂದು ಅಡಿ ನೀರು ಬಂತು' ಎಂದು ಓದಿದರೆ, ತಳದ ಅಡಿಯೋ ಮೇಲಿನ ಅಡಿಯೋ ಎಂದು ಕೇಳಿ.

ಹುಡುಗ ಅಲ್ಲೇ ಕಟ್ಟೆಯ ಮೇಲೆ ಕುಳಿತು ಲೆಕ್ಕ ತಿದ್ದಿದ. ಸಂಜೆ ಚಹಾದ ಹೊತ್ತಿಗೆ ನೀರು ಅಕ್ಕ ಹೇಳಿದಂತೆ ಏರತೊಡಗಿತು. ಆಮೇಲೆ ಶುರುವಾಯಿತು ಅಕ್ಕನ ತಪಾಸಣೆ. ನನ್ನ ನೌಕರಿಯಲ್ಲಿ ಯಾವ ಆಡಿಟರ್ ಕೂಡ ಅಷ್ಟು ತಪ್ಪು ಹಿಡಿದಿರಲಿಲ್ಲ. "ಗುಡಿ ಇಷ್ಟ ಇಟ್ಟೀಯಲಾ, ಊರು ಎಲ್ಲೈತಿ? ಇಲ್ಲಿ ಹುಣಸೀಗಿಡ ಹಚ್ಚು. ಅದರ ಬಾಜೂಕ ನಮ್ಮ ಮನಿ. ಬಾಗಿಲ ಈ ಕಡೆ." ಅವಳು ಬೆರಳಿಟ್ಟಲ್ಲೆಲ್ಲ ಮೊಮ್ಮಗ ಒಂದೊಂದು ಚೌಕ ಇಡುತ್ತಾ ಹೋದ. ಮನೆ ಬಂತು, ಕೊಟ್ಟಿಗೆ ಬಂತು. ಅತ್ತೆ ರಾಗಿ ಒಣಗಿಸುತ್ತಿದ್ದ ಬಂಡೆಯೂ ಬಂತು.

ಎಲ್ಲ ಆದ ಮೇಲೆ ಅಕ್ಕ ತಾನೇ ಬೆರಳಿನಿಂದ ನೀರನ್ನು ಪೂರ್ತಿ ಕೆಳಗೆ ಎಳೆದಳು. ಊರು ಒಣಗಿ ನಿಂತಿತು. ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

ನನಗೆ ಕುಳಿತಲ್ಲಿ ಕಸಿವಿಸಿ. ಹಿಡಕಲ್ಲಿನಿಂದ ಬಿಟ್ಟ ನೀರು ನದಿಯಲ್ಲಿ ಧೂಪದಾಳದವರೆಗೆ ಬಂದು ಅಲ್ಲಿಂದ ಘಟಪ್ರಭಾ ಎಡದಂಡೆ ಕಾಲುವೆ ಸೇರುತ್ತದೆ. ನಾನು ಮೂಡಲಗಿ ಶಾಖೆಯಲ್ಲಿದ್ದಾಗ ಆ ಕಾಲುವೆಯ ಭರವಸೆ ಮೇಲೆಯೇ ಕಬ್ಬಿನ ಸಾಲದ ಕಾಗದಗಳನ್ನು ಬರೆಯುತ್ತಿದ್ದೆ. ಎಷ್ಟೋ ಮನೆಗೆ ಹಂಚು ಬಂತು, ಎಷ್ಟೋ ಹುಡುಗರು ಕಾಲೇಜು ಕಂಡರು. ಆ ನೀರು ನಿಂತದ್ದು ಅಕ್ಕನ ಹೊಸ್ತಿಲ ಮೇಲೆ ಎಂದು ಒಂದು ದಿನವೂ ನಾನು ಜೋಡಿಸಿ ನೋಡಿರಲಿಲ್ಲ.

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ನಿಧಾನಕ್ಕೆ ನೀರನ್ನು ಮೇಲೆ ತಳ್ಳತೊಡಗಿದಳು. ಬಂಡೆ ಹೋಯಿತು, ಕೊಟ್ಟಿಗೆ ಹೋಯಿತು. "ತುಂಬಲಿ ಬಿಡೋ," ಎಂದಳು. "ಮೂಡಲಗಿ ಮಂದೀ ಕಬ್ಬು ಒಣಗತೈತಿ."

ಮೊಮ್ಮಗ ಬೆಂಗಳೂರಿಗೆ ಹೋಗಿ ಮೂರು ವಾರವಾಯಿತು. ಈಗ ಅಕ್ಕನಿಗೆ ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಾನೆ. ಮೊನ್ನೆಯ ಪ್ರಶ್ನೆ ಊರ ಬಾವಿಗೆ ಎಷ್ಟು ಮೆಟ್ಟಿಲಿದ್ದವು ಎಂಬುದು. ಅಕ್ಕ ಇಪ್ಪತ್ತೆರಡು ಎನ್ನುತ್ತಾಳೆ. ಸೂಟಿಯಲ್ಲಿ ಅವಳ ಮನೆಗೆ ಹೋದಾಗ ನಾನು ಎಣಿಸಿದ್ದು ಇಪ್ಪತ್ತು. ಈ ಬೇಸಿಗೆಯಲ್ಲಿ ನೀರು ಅಷ್ಟು ಕೆಳಗೆ ಇಳಿದರೆ ಇಬ್ಬರೂ ಹೋಗಿ ನೋಡಿ ಬರಬೇಕೆಂದಿದ್ದೇವೆ.