ನೆಲಬಾಂಬ್ ಬೇಡವೆಂದವರು ಯುದ್ಧ ಕಂಡವರೇ

ರಷ್ಯಾದ ಭಯಕ್ಕೆ ಫಿನ್ಲೆಂಡ್, ಪೋಲೆಂಡ್ ಮತ್ತು ಮೂರು ಬಾಲ್ಟಿಕ್ ದೇಶಗಳು 2025ರಲ್ಲಿ ನೆಲಬಾಂಬ್ ನಿಷೇಧಿಸುವ ಒಟ್ಟಾವಾ ಒಪ್ಪಂದದಿಂದ ಹೊರನಡೆಯಲು ತೀರ್ಮಾನಿಸಿದ್ದೇ ತಡ, ಸಹಿ ಹಾಕದ ಭಾರತವೇ ಜಾಣ ಎಂಬ ಮಾತು ಇಲ್ಲೂ ಶುರುವಾಗಿದೆ. ಇದು ತಪ್ಪು ವಾದ. ನೆಲಬಾಂಬ್ ವಿರೋಧಿಸುವವರು ಗಡಿಯ ಕಷ್ಟ ಅರಿಯದ ಮೃದು ಮನಸ್ಸಿನವರು ಎಂಬ ಗ್ರಹಿಕೆಯ ಮೇಲೆ ಅದು ನಿಂತಿದೆ. ಆ ಗ್ರಹಿಕೆ ಎಷ್ಟು ಪೊಳ್ಳು ಎಂಬುದಕ್ಕೆ ಬ್ರಿಟನ್ನಿನ ಬಿಲ್ ಡೀಡ್ಸ್ ಬದುಕೇ ಉತ್ತರ.

ವರದಿಗಾರರಾಗಿದ್ದ ಡೀಡ್ಸ್ ಟೆರಿಟೋರಿಯಲ್ ಆರ್ಮಿಯ ಮೂಲಕ ಎರಡನೇ ಮಹಾಯುದ್ಧಕ್ಕೆ ಹೋದವರು. 1945ರ ಏಪ್ರಿಲ್‌ನಲ್ಲಿ ನೆದರ್‌ಲೆಂಡ್ಸ್‌ನ ಹೆಂಗೆಲೊ ಬಳಿಯ ಕಾಳಗಕ್ಕಾಗಿ ಮಿಲಿಟರಿ ಕ್ರಾಸ್ ಪಡೆದರು. ಮುಂದೆ ಕನ್ಸರ್ವೇಟಿವ್ ಸಂಸದ, ಸಂಪುಟ ಸಚಿವ, 1974ರಿಂದ 1986ರವರೆಗೆ ‘ಡೈಲಿ ಟೆಲಿಗ್ರಾಫ್’ ಸಂಪಾದಕ. ಇಷ್ಟೆಲ್ಲ ಆದ ಮೇಲೆ ಮನೆಯಲ್ಲಿ ವಿಶ್ರಾಂತಿ ಪಡೆಯಬಹುದಿತ್ತು. ಬದಲಿಗೆ ನೆಲಬಾಂಬ್ ನಿಷೇಧದ ಹೋರಾಟಕ್ಕೆ ಇಳಿದರು. 1997ರ ಆಗಸ್ಟ್‌ನಲ್ಲಿ, 84ರ ವಯಸ್ಸಿನಲ್ಲಿ, ರಾಜಕುಮಾರಿ ಡಯಾನಾ ಜೊತೆ ಬೋಸ್ನಿಯಾಕ್ಕೆ ಹೋದರು. ಕಾಲು ಕಳೆದುಕೊಂಡವರ, ಮನೆಮಂದಿಯನ್ನು ಕಳೆದುಕೊಂಡವರ ಮಾತನ್ನು ಆಕೆ ಕೂತು ಕೇಳುತ್ತಿದ್ದರೆ ಅದನ್ನು ಬರೆದು ಓದುಗರಿಗೆ ಮುಟ್ಟಿಸಿದವರು ಈ ಹಿರಿಯ. ಪತ್ರಿಕೋದ್ಯಮ, ಸೇನೆ, ಸರ್ಕಾರ ಮೂರರ ಅನುಭವವೂ ಒಂದೇ ಕೆಲಸಕ್ಕೆ ಒದಗಿತ್ತು. ಕ್ಯಾಮೆರಾಗಳು ರಾಜಕುಮಾರಿಯನ್ನು ಹಿಂಬಾಲಿಸಿದವು. ಜೊತೆಗಿದ್ದ ಮಾಜಿ ಯೋಧನನ್ನು ಜಗತ್ತು ಮರೆಯಿತು.

ಈಗಿನ ಚರ್ಚೆಯಲ್ಲಿ ಯಾರೂ ಎತ್ತದ ಸಂಖ್ಯೆಯೊಂದಿದೆ: ಶೇ 84. ‘ಲ್ಯಾಂಡ್‌ಮೈನ್ ಮಾನಿಟರ್’ ಪ್ರಕಾರ, 2023ರಲ್ಲಿ ನೆಲಬಾಂಬ್ ಮತ್ತು ಸಿಡಿಯದೆ ಉಳಿದ ಯುದ್ಧ ಸ್ಫೋಟಕಗಳಿಂದ ಸತ್ತ, ಗಾಯಗೊಂಡ 5,757 ಮಂದಿಯಲ್ಲಿ ನಾಗರಿಕರ ಪಾಲು ಅಷ್ಟು. ಶತ್ರು ಸೈನಿಕನಿಗೆಂದು ಹೂತಿಟ್ಟದ್ದು ಕುರಿ ಕಾಯುವವನಿಗೆ, ಸೌದೆ ಆಯುವವಳಿಗೆ ಸಿಡಿಯುತ್ತಿದೆ. ಕಾಲು ಹೋದ ಮಗುವಿನ ಪಾಡು ನೋಡಿ: ಮಗು ಬೆಳೆದಂತೆ ಕೃತಕ ಕಾಲು ಗಿಡ್ಡವಾಗುತ್ತದೆ, ಸುಮಾರು ಆರು ತಿಂಗಳಿಗೊಮ್ಮೆ ಬದಲಿಸಬೇಕು. ಯುದ್ಧ ಯಾವತ್ತೋ ಮುಗಿದಿರುತ್ತದೆ, ಖರ್ಚು ಮುಗಿಯುವುದಿಲ್ಲ.

ರಷ್ಯಾದ ಬೆದರಿಕೆ ಸುಳ್ಳೇ ಎಂದು ಕೇಳುವವರಿದ್ದಾರೆ. ಅಲ್ಲವೇ ಅಲ್ಲ. ಆದರೆ ಕಾವಲಿಗೆ ಬಂದೂಕು, ಫಿರಂಗಿ ಇಲ್ಲದ ನೆಲಬಾಂಬಿನ ಸಾಲನ್ನು ಎದುರಾಳಿ ತೆರವು ಮಾಡಿಕೊಂಡು ಬರುತ್ತಾನೆ. ತಡೆಯುವುದು ಕಾವಲಿನ ಬಲ. ಉಳಿಯುವುದು ನೆಲದೊಳಗಿನ ಸಾವು. ಮೂರು ಡಾಲರಿಗೆ ಸಿಗುವ ಒಂದು ನೆಲಬಾಂಬ್ ತೆಗೆಯಲು 300ರಿಂದ 1,000 ಡಾಲರ್ ಬೇಕೆಂಬುದು ವಿಶ್ವಸಂಸ್ಥೆ ಹಿಂದೆಯೇ ಕೊಟ್ಟ ಲೆಕ್ಕ.

ನಮಗಿದು ದೂರದ ಕಥೆಯಲ್ಲ. ಪಾಕಿಸ್ತಾನದ ಗಡಿಗೆ ಸೇನೆಯನ್ನು ಜಮಾಯಿಸಿದ 2001–02ರ ‘ಆಪರೇಷನ್ ಪರಾಕ್ರಮ್’ ವೇಳೆ ಪಂಜಾಬ್, ರಾಜಸ್ಥಾನ, ಜಮ್ಮು ಗಡಿಯ ಹೊಲಗಳಲ್ಲೇ ನೆಲಬಾಂಬ್ ಹೂಳಲಾಯಿತು. ಯುದ್ಧ ನಡೆಯಲೇ ಇಲ್ಲ. ರೈತರು ಬೆಳೆ ಕಳೆದುಕೊಂಡರು, ಹಲವರು ಕೈಕಾಲು ಕಳೆದುಕೊಂಡರು. ನಮ್ಮ ‘ಜಾಣತನ’ಕ್ಕೆ ಬೆಲೆ ತೆತ್ತವರು ಇವರೇ. ಸಹಿ ಹಾಕದ್ದಕ್ಕೆ ಬೆನ್ನು ತಟ್ಟಿಕೊಳ್ಳುವ ಮುನ್ನ, ಆ ಹೊಲಗಳಲ್ಲಿ ಸತ್ತ, ಅಂಗವಿಕಲರಾದ ಪ್ರತಿಯೊಬ್ಬರ ಲೆಕ್ಕವನ್ನು ಸರ್ಕಾರ ಸಂಸತ್ತಿನ ಮುಂದಿಡಲಿ. ಅವರ ಕೃತಕ ಕಾಲಿನ ಖರ್ಚನ್ನು ಜೀವನಪೂರ್ತಿ ಹೊರಲಿ. ಒಪ್ಪಂದ ಬೇಕೋ ಬೇಡವೋ ಎಂಬ ಚರ್ಚೆ ಆ ಲೆಕ್ಕದಿಂದ ಶುರುವಾಗಬೇಕು.