ನಾಯಿಯ ಉಗುರು, ಕಾರಿನ ಬಣ್ಣ

ಕೊಳೆರೋಗ, ಕಾಂಡಕೊರಕ, ಧಾರಣೆಗಳ ಮಾತು ಬಿಟ್ಟು ಕಾರ್ಯದರ್ಶಿಗಳು ನಾಯಿ-ಕಾರುಗಳ ಸಂಗತಿಗೆ ಏಕೆ ಕೈಹಾಕಿದರೆಂದು ಸದಸ್ಯ ಬಾಂಧವರು ಕೇಳಬಹುದು. ಕಳೆದ ಆಡಳಿತ ಮಂಡಳಿ ಸಭೆ ಮುಗಿದ ಮೇಲೆ ಸಂಘದ ಅಂಗಳದಲ್ಲಿ ನಿಂತಿದ್ದ ಕಾರುಗಳನ್ನು ಒಂದೊಂದಾಗಿ ನೋಡುತ್ತ ಬಂದೆವು. ಹಲವು ಕಾರುಗಳ ಬಾಗಿಲ ಮೇಲೆ ಸಾಲಾಗಿ ನಾಲ್ಕು ನಾಲ್ಕು ಗೀರು. ತೋಟದ ಮನೆಯೆಂದ ಮೇಲೆ ನಾಯಿ ಇರಲೇಬೇಕು. ಆದರೆ ಈ ಗೀರಿನ ದೆಸೆಯಿಂದ ಎಷ್ಟು ನಾಯಿಗಳು ಹಗಲೂ ರಾತ್ರಿ ಸರಪಳಿಯಲ್ಲಿ ಬಿದ್ದಿವೆ ಎಂಬುದು ನಮಗೆ ಗೊತ್ತು. ನಮ್ಮ ಮನೆಯಲ್ಲಿ ಅದು ಬೀಗತನದವರೆಗೂ ಹೋಗಿತ್ತು.

ನಮ್ಮ ಮಗಳನ್ನು ಸಿಂಧನೂರಿಗೆ ಕೊಟ್ಟಿದೆ. ಬೀಗರದು ಅಕ್ಕಿ ಗಿರಣಿ. ಈಚೆಗೆ ಒಂದು ಬೇಸಿಗೆಯಲ್ಲಿ ಹೊಸ ಕಪ್ಪು ಕಾರಿನಲ್ಲಿ ಹೊಸಪೇಟೆ, ಗಂಗಾವತಿ, ಕಾರಟಗಿ ದಾರಿಯಾಗಿ ಅಲ್ಲಿಗೆ ಹೋದೆವು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಬೇಸಿಗೆ ಭತ್ತದ ಕೊಯ್ಲು ನಡೆದಿತ್ತು. ಊರು ಮುಟ್ಟುವ ಹೊತ್ತಿಗೆ ಕಾರಿನ ಬಣ್ಣವೇ ಕಾಣದಷ್ಟು ಧೂಳು. ಬೀಗರ ಮನೆಯಲ್ಲಿ ಒಂದು ಮುಧೋಳ ನಾಯಿ. ಕಡ್ಡಿಯಂಥ ಕಾಲು, ಬಾಣದಂಥ ಓಟ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ನಮ್ಮ ಸೈನ್ಯವೂ ತೆಗೆದುಕೊಂಡು ಪಳಗಿಸಿದ ತಳಿ. ಬೇಟೆ ಹಿಡಿಯುವುದರಲ್ಲಿ ಇದಕ್ಕೆ ಮೂಗಿಗಿಂತ ಕಣ್ಣು ಮುಂದು. ಓಡುವುದು ಏನಾದರೂ ಕಂಡರೆ ಸಾಕು, ಹಿಂದೆ ಬೀಳುತ್ತದೆ. ಅಂದು ರಾತ್ರಿ ಬಿಸಿ ಆರದ ಬಾನೆಟ್ಟಿನ ಮೇಲೆ ಬೆಕ್ಕೊಂದು ಮಲಗಿತ್ತಂತೆ. ಮುಂದಿನದನ್ನು ಬರೆಯಬೇಕಾಗಿಲ್ಲ.

ಬೆಳಿಗ್ಗೆ ಬಾನೆಟ್ಟಿನ ಮೇಲೆ ಗೀರು, ಬಲಬಾಗಿಲ ಮೇಲೂ ಗೀರು. ನಮ್ಮ ಮುಖ ಕಂಡು ಬೀಗರು, "ತಿಳುವಳಿಕಿ ಇಲ್ಲದ ಜೀವ ರೀ ಬೀಗರ, ಖರ್ಚು ಎಷ್ಟಾಗತದ ಹೇಳ್ರಿ, ನಾವು ಕೊಡತೀವಿ" ಎಂದರು. ನಾವು ಬೇಡವೆಂದೆವು, ಆದರೆ ಬೇಡವೆಂದ ದನಿ ಸರಿಯಿರಲಿಲ್ಲವೆಂದು ಮನೆಯವರು ಆಮೇಲೆ ಹೇಳಿದರು. ಮರುದಿನ ಮಸ್ಕಿಗೆ ಕರೆದೊಯ್ದು ಅಶೋಕನ ಶಾಸನ ತೋರಿಸಿದರು. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರೇ ಕೆತ್ತಿರುವ ಆ ಬಂಡೆಯ ಮುಂದೆ ನಿಂತಾಗಲೂ ನಮ್ಮ ತಲೆಯಲ್ಲಿ ಇದ್ದದ್ದು ಬಾನೆಟ್ಟಿನ ಗೀರೇ. ಹೇಳಿಕೊಳ್ಳಲು ನಾಚಿಕೆ. ಊರಿಗೆ ಮರಳಿದ ನಾಲ್ಕು ದಿನಕ್ಕೆ ಮಗಳ ಫೋನು: ನಾಯಿಯನ್ನು ಲಿಂಗಸುಗೂರು ಕಡೆಯ ಯಾರಿಗೋ ಕೊಟ್ಟುಬಿಡುತ್ತಾರಂತೆ, ಮೊಮ್ಮಗ ಅನ್ನ ಬಿಟ್ಟು ಕುಳಿತಿದ್ದಾನೆ.

ಅಷ್ಟರಲ್ಲಿ ನಾವು ಕಾರನ್ನು ಬಣ್ಣದ ಕೆಲಸದವನಲ್ಲಿ ಬಿಟ್ಟಿದ್ದೆವು. ಅವನು ಟಾರ್ಚು ಹಿಡಿದು ತೋರಿಸಿದ್ದನ್ನು ಸದಸ್ಯರು ಗಮನಿಸಬೇಕು. ನಾಲ್ಕು ಸಾಲಿನ ಗೀರು ನಾಯಿಯದು, ನಿಜ. ಆದರೆ ಕಾರಿನ ತುಂಬ ಬಳೆಬಳೆಯಾಗಿ ಕಾಣುವ ನೂರಾರು ಸಣ್ಣ ಗೀರುಗಳು ಉಗುರಿನವಲ್ಲ. ಧೂಳನ್ನು ಒಣಬಟ್ಟೆಯಲ್ಲಿ ಉಜ್ಜಿದವರ ಕೈಚಳಕ. ಉಜ್ಜಿದವರು ನಾವೇ. ಧೂಳೆಂದರೆ ಮರಳಿನ ಪುಡಿ, ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ. ಧೂಳಿದ್ದ ಕಾರಿಗೆ ಹೊದಿಕೆ ಹಾಕಿ ಎಳೆದರೂ ಅದೇ ಗತಿ. ಮೊದಲು ಧಾರಾಳವಾಗಿ ನೀರು ಹೊಯ್ದು, ಬಳಿಕವೇ ಮೆತ್ತನೆಯ ಒದ್ದೆಬಟ್ಟೆ.

2014ರಲ್ಲಿ ತಯಾರಿಕೆ ನಿಂತ ನಮ್ಮ ಅಂಬಾಸಡರಿನ ಕಾಲದ ಬಣ್ಣ ಬೇರೆ. ಆ ಹಳೆಯ ಗಾಡಿಗಳಿಗೆ ಪಾಲಿಶ್ ಹಚ್ಚಿ ತಿಕ್ಕಿದರೆ ಬಟ್ಟೆಗೇ ಬಣ್ಣ ಹತ್ತುತ್ತಿತ್ತು, ಗೀರೂ ಮಾಯವಾಗುತ್ತಿತ್ತು. ಈಗಿನ ಕಾರಿಗೆ ಬಣ್ಣದ ಮೇಲೆ ಪಾರದರ್ಶಕವಾದ ವಾರ್ನಿಷಿನಂಥ ಪದರವಿದೆ. ಅದರ ದಪ್ಪ ಸುಮಾರು 40-50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಗೀರಿನ ಮೇಲೆ ನಿಮ್ಮ ಉಗುರನ್ನು ಅಡ್ಡ ಆಡಿಸಿ ನೋಡಿ. ಸಿಕ್ಕಿಕೊಳ್ಳದಿದ್ದರೆ ಪಾಲಿಶಿಗೆ ಹೋಗುತ್ತದೆ. ಸಿಕ್ಕಿಕೊಂಡರೆ ಆಳಕ್ಕಿಳಿದಿದೆಯೆಂದೇ ತಿಳಿಯಬೇಕು. ಬೂದು ಅಸ್ತರಿಯೋ ತಗಡೋ ಕಂಡರೆ ತಡಮಾಡಬಾರದು. ಸಿಂಧನೂರಿನ ಒಣಹವೆಯಲ್ಲಿ ತಾಳಿದ್ದು ನಮ್ಮ ಮಳೆಯಲ್ಲಿ ತುಕ್ಕು ಹಿಡಿಯುತ್ತದೆ. ಬಣ್ಣದ ಸಂಖ್ಯೆ ಹೆಚ್ಚಾಗಿ ಬಾಗಿಲ ಕಂಬದ ಮೇಲೋ ಬಾನೆಟ್ಟಿನ ಕೆಳಗೋ ಇರುತ್ತದೆ, ಅದನ್ನು ನೋಡಿ ಸಣ್ಣ ಸೀಸೆಯ ಬಣ್ಣ ತಂದು ಮುಚ್ಚಿರಿ. ಇಷ್ಟಕ್ಕೆಲ್ಲ ವಿಮೆ ಕೇಳುವುದು ಜಾಣತನವಲ್ಲ. ಐದು ವರ್ಷ ಕ್ಲೇಮು ಮಾಡದವರಿಗೆ ಸ್ವಂತ ಹಾನಿಯ ಕಂತಿನಲ್ಲಿ 50 ಶೇಕಡಾ ರಿಯಾಯತಿ ಸಿಗುತ್ತದೆ, ಅದನ್ನು ನಾಲ್ಕು ಗೀರಿಗಾಗಿ ಕಳೆದುಕೊಂಡವರಿದ್ದಾರೆ. ಅಂಗಡಿಯವರು ಹೇಳುವ ಸೆರಾಮಿಕ್ ಲೇಪ ಹೊಳಪು ಕೊಡುತ್ತದೆ, ನೀರು ಜಾರಿಸುತ್ತದೆ, ನಾಯಿಯ ಉಗುರನ್ನು ತಡೆಯದು. ತಡೆಯುವುದು ದಪ್ಪ ಪಾರದರ್ಶಕ ಫಿಲ್ಮು. ಇಡೀ ಕಾರಿಗೆ ದುಬಾರಿಯಾದೀತು. ಬಾಗಿಲು, ಬಂಪರುಗಳಿಗಷ್ಟೇ ಅಂಟಿಸಿದರೆ ಸಾಕು.

ಇನ್ನು ಉಗುರು. ಗಟ್ಟಿನೆಲದಲ್ಲಿ ಓಡಾಡುವ ನಾಯಿಯ ಉಗುರು ತಾನೇ ಸವೆಯುತ್ತದೆ. ನಮ್ಮ ತೋಟದ ತರಗೆಲೆ, ಮೆತ್ತನೆ ಮಣ್ಣಿನಲ್ಲಿ ಸವೆಯುವುದಿಲ್ಲ. ಸಿಮೆಂಟು ನೆಲದ ಮೇಲೆ ಟಕಟಕ ಸದ್ದು ಕೇಳಿದರೆ ಕತ್ತರಿಸುವ ಕಾಲ ಬಂತೆಂದು ತಿಳಿಯಿರಿ. ಒಳಗೆ ರಕ್ತನಾಳವಿದೆ, ಕಪ್ಪು ಉಗುರಿನಲ್ಲಿ ಅದು ಕಾಣದು. ಆದ್ದರಿಂದ ಚೂರು ಚೂರೇ ತೆಗೆಯಬೇಕು. ನೆಲಕ್ಕೆ ತಾಗದ ಒಳಬದಿಯ ಹೆಬ್ಬೆರಳಿನಂಥ ಉಗುರನ್ನು ಬಹಳ ಮಂದಿ ಮರೆಯುತ್ತಾರೆ. ಕತ್ತರಿಸಿದ ಮೇಲೆ ಅರದಿಂದ ಅಂಚು ನಯ ಮಾಡದಿದ್ದರೆ ಮೊದಲಿಗಿಂತ ಹರಿತವಾಗಿ ಗೀರುತ್ತದೆ. ನಮಗೆ ಇದು ಅನುಭವದಿಂದ ಬಂದ ಬುದ್ಧಿ.

ಕೆಲವರು ಕಾರಿನ ಸುತ್ತ ಫಿನಾಯಿಲ್ ಸುರಿಯುತ್ತಾರೆ. ನೆಕ್ಕಿದರೆ ನಾಯಿಗೆ ವಿಷ. ಹೊಡೆಯುವುದೂ ವ್ಯರ್ಥ. ಅದು ಬಾಗಿಲಿಗೆ ಹಾರುವುದು ನಾವು ಬಂದ ಸಂತೋಷಕ್ಕೆ. ಕಿಟಕಿಯಿಂದ ಕೈ ಚಾಚಿ ತಲೆ ಸವರಿ ಆ ಅಭ್ಯಾಸ ಮಾಡಿಸಿದವರೂ ನಾವೇ. ನಾಲ್ಕೂ ಕಾಲು ನೆಲಕ್ಕೆ ಊರುವ ತನಕ ಮಾತಾಡಿಸಬೇಡಿ. ಅಂಗಳದ ಮೂಲೆಯಲ್ಲಿ ಒಂದು ಕಾಫಿ ಚೀಲ ಹಾಸಿ, ಅದರ ಮೇಲೆ ಕುಳಿತರೆ ಮಾತ್ರ ರೊಟ್ಟಿಚೂರು ಕೊಡಿ. ನಮ್ಮ ಮನೆಯ ನಾಯಿ ಮೂರು ವಾರದಲ್ಲಿ ಕಲಿತಿತು. ಸದಾ ಕಟ್ಟಿಹಾಕುವುದಂತೂ ಪರಿಹಾರವೇ ಅಲ್ಲ. ಅತಿ ಗಿಡ್ಡ ಸರಪಳಿಯಲ್ಲಿ ಬಹುಹೊತ್ತು ಬಿಗಿದಿಡುವುದು, ಕಟ್ಟಿದ ನಾಯಿಯನ್ನು ಓಡಾಡಿಸದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮಿನಂತೆ ಅಪರಾಧ. ಅಲ್ಲದೆ ಚಿರತೆ ಬಂದ ರಾತ್ರಿ ಕಟ್ಟಿದ ನಾಯಿಗೆ ಓಡುವ ದಾರಿಯೂ ಇಲ್ಲ.

ಅಂದೇ ರಾತ್ರಿ ಬೀಗರಿಗೆ ಫೋನು ಮಾಡಿ, ಗೀರಿನಲ್ಲಿ ಹೆಚ್ಚು ಪಾಲು ನಮ್ಮದೆಂದು ಒಪ್ಪಿಕೊಂಡೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಾಯಿ ಇಲ್ಲೇ ಇರಲಿ ಬಿಡ್ರಿ" ಎಂದರು. ಸಂಕ್ರಾಂತಿಗೆ ಸಿಂಧನೂರಿಗೆ ಹೋಗುವುದಿದೆ. ಕಾರು ನಿಲ್ಲಿಸಲು ಗಿರಣಿಯ ಗೋದಾಮಿನಲ್ಲಿ ಜಾಗ ಮಾಡಿಸಿದ್ದಾರಂತೆ. ನಾವು ಒಂದು ಉಗುರುಗತ್ತರಿ, ಒಂದು ಅರ ತೆಗೆದಿಟ್ಟಿದ್ದೇವೆ.